ಹಿಂದಿನ ಸಾಲಿನ ಟ್ರಂಕುಗಳು

ಪ್ರಾಂಶುಪಾಲರ ಕೊಠಡಿಯಿಂದ ಕರೆ ಬಂದಾಗ ನಾನು ಲ್ಯಾಬಿನಲ್ಲಿ ಬ್ಯೂರೆಟ್ಟುಗಳನ್ನು ತೊಳೆಸುತ್ತಿದ್ದೆ. ಹೋದೆ. ಪ್ರಾಂಶುಪಾಲರಾದ ಫಾದರ್ ಬಾಗಿಲ ತನಕ ಎದ್ದು ಬಂದರು, ತಾವೇ ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು. ನನ್ನ ಕಿವಿ ನೆಟ್ಟಗಾಯಿತು. ನಮ್ಮ ಕಾಲೇಜಿನಲ್ಲಿ ಇಷ್ಟೆಲ್ಲ ಉಪಚಾರ ನಡೆದರೆ ಯಾರೂ ಒಪ್ಪದ ಕೆಲಸವೊಂದು ಹಿಂದೆಯೇ ಬರುತ್ತಿದೆ ಎಂದೇ ಲೆಕ್ಕ.

"ಮೇಡಂ, ಒಂದು ಸಾಮರಸ್ಯ ಸಮಿತಿ ಮಾಡ್ತಾ ಇದ್ದೇವೆ. ನೀವು ಸಂಚಾಲಕಿ ಆಗಬೇಕು," ಎಂದರು.

"ನಾನಾ? ನಾನು ಕ್ರೈಸ್ತಳೂ ಅಲ್ಲ, ಹಾಸ್ಟೆಲಿಗೆ ಸಂಬಂಧಪಟ್ಟವಳೂ ಅಲ್ಲ. ಕೆಮಿಸ್ಟ್ರಿ ಮೇಡಂ ನಾನು."

"ಅದಕ್ಕೇ ನೀವು. ಹೊರಗಿನವರು ಇದ್ದರೆ ಮಕ್ಕಳಿಗೆ ನಂಬಿಕೆ ಬರುತ್ತೆ."

ನಂಬಿಕೆಯ ಮಾತು ಎತ್ತಿದವರನ್ನೇ ನಾನು ಮೊದಲು ಅನುಮಾನಿಸುವುದು. ತರಕಾರಿ ಗಾಡಿಯವನು "ಇವತ್ತೇ ಕಿತ್ತಿದ್ದು ಕಣಕ್ಕ" ಎಂದರೆ ಬೆಂಡೆಕಾಯಿಯ ತುದಿ ಮುರಿದು ನೋಡುವ ಹೆಂಗಸು ನಾನು. ಕಾಲೇಜಿಗೆ ಮಾನ್ಯತೆ ಕೊಡುವ ತಂಡ ಬರುವುದರಲ್ಲಿತ್ತು. ಕೆಲಸ ಚೆನ್ನಾಗಿ ಆದರೆ ಹೆಸರು ಸಂಸ್ಥೆಗೆ, ಕೆಟ್ಟರೆ "ಹೊರಗಿನವರು" ಎಂದು ತೋರಿಸುವುದಕ್ಕೆ ನಾನು. ಇಷ್ಟನ್ನು ಮನಸ್ಸಿನಲ್ಲೇ ಕೂಡಿ ಕಳೆದು, ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಸಾಮರಸ್ಯಕ್ಕಾಗಿ ಅಲ್ಲ. ಇಬ್ಬರು ಹುಡುಗಿಯರು ನನ್ನ ಲ್ಯಾಬಿಗೆ ಬರುವುದನ್ನು ನಿಲ್ಲಿಸಿದ್ದರು, ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು.

ಆಗಿದ್ದು ಇಷ್ಟು. ಹಾಸನದಲ್ಲಿ ಕ್ರೈಸ್ತ ಸಂಸ್ಥೆಯೊಂದು ನಡೆಸುವ ಕಾಲೇಜು ನಮ್ಮದು. ಹುಡುಗಿಯರ ಹಾಸ್ಟೆಲ್ ಅದೇ ಆವರಣದಲ್ಲಿದೆ. ಅಲ್ಲಿದ್ದ ಚನ್ನರಾಯಪಟ್ಟಣದ ಕಡೆಯ ಹುಡುಗಿಯೊಬ್ಬಳ ಚಿನ್ನದ ಸರ ಕಾಣೆಯಾಯಿತು. ವಾರ್ಡನ್ ಸಿಸ್ಟರ್ ಹುಡುಕಿಸಿದರು. ಎಲ್ಲರ ಕೋಣೆಗಳನ್ನಲ್ಲ, ಹಿಂದಿನ ಸಾಲನ್ನು ಮಾತ್ರ. ಅದರಲ್ಲೂ ಕೊನೆಯ ಕೋಣೆಯ ಇಬ್ಬರ ಟ್ರಂಕುಗಳನ್ನು ನಡುವಿನ ಪಡಸಾಲೆಗೆ ಹೊರಿಸಿಕೊಂಡು ಬಂದು, ಇಡೀ ಹಾಸ್ಟೆಲಿನ ಎದುರು ಸುರಿಸಿದರು. ಒಬ್ಬಳು ಕೊಣನೂರು ಪಕ್ಕದ ಹಳ್ಳಿಯವಳು, ದಲಿತ ಕ್ರೈಸ್ತರ ಮನೆಯ ಹುಡುಗಿ. ಇನ್ನೊಬ್ಬಳು ಮಣಿಪುರದ ಬೆಟ್ಟದ ಕಡೆಯವಳು, ಅವಳೂ ಕ್ರೈಸ್ತಳೇ. ಒಳಬಟ್ಟೆಗಳು, ಬೈಬಲ್ಲು, ಮಣಿಪುರದವಳು ಊರಿನಿಂದ ತಂದಿದ್ದ ಹುದುಗಿಸಿದ ಮೀನಿನ ಪೊಟ್ಟಣ, ಎಲ್ಲ ನೆಲದ ಮೇಲೆ ಬಿದ್ದವು. ಮೂಗು ಮುಚ್ಚಿಕೊಂಡು ನಕ್ಕವರೂ ಇದ್ದರಂತೆ. ಸರ ಸಿಗಲಿಲ್ಲ.

ಆಮೇಲೆ ಅದು ಸಿಕ್ಕಿದ್ದು ಚನ್ನರಾಯಪಟ್ಟಣದ ಮನೆಯಲ್ಲೇ, ಹಾಸಿಗೆ ಕೊಡವುವಾಗ. ಹುಡುಗಿ ಭಾನುವಾರ ಊರಿಗೆ ಹೋದಾಗ ಬಿಚ್ಚಿಟ್ಟು ಮರೆತಿದ್ದಳು. ತಾಯಿ ಫೋನು ಮಾಡಿ ತಿಳಿಸಿದರು. ಸಿಸ್ಟರ್ "ದೇವರು ದೊಡ್ಡವನು" ಎಂದು ಫೋನು ಇಟ್ಟರು. ಅಲ್ಲಿಗೆ ಮುಗಿಯಿತು. ಹಿಂದಿನ ಸಾಲಿನವರಿಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ. ಮುಂದಿನ ವಾರ ಆ ಹುಡುಗಿ ಅದೇ ಸರ ಹಾಕಿಕೊಂಡು ತಿಂಡಿಗೆ ಬಂದು ಕೂತಳು. ಸರ ಕತ್ತಿಗೆ ಬಂದಿತ್ತು, ಆದರೆ ಯಾರ ಬಾಯಿಗೂ ಒಂದು ಮಾತು ಬರಲಿಲ್ಲ. ಕೊನೆಯ ಕೋಣೆಯ ಇಬ್ಬರೂ ಉಪ್ಪಿಟ್ಟಿನ ತಟ್ಟೆ ಅಲ್ಲೇ ಬಿಟ್ಟು ಎದ್ದರು, ಟ್ರಂಕು ಹೊತ್ತರು, ಕೊಣನೂರಿನ ಬಸ್ಸು ಹತ್ತಿದರು.

ಕೊನೆಯ ವರ್ಷದವರು ಅವರು. ಪ್ರಾಯೋಗಿಕ ಪರೀಕ್ಷೆ ತಪ್ಪಿದರೆ ವರ್ಷ ಹೋದಂತೆಯೇ. ಕೊಣನೂರಿನವಳನ್ನು ಇನ್ನೊಂದು ವರ್ಷ ಓದಿಸಲು ಗಾರೆ ಕೆಲಸದ ಅಪ್ಪನಿಗೆ ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಣಿಪುರದವಳಿಗೆ ಊರಿಗೆ ವಾಪಸು ಹೋಗುವ ಸ್ಥಿತಿಯೇ ಇರಲಿಲ್ಲ. ಅಲ್ಲಿಯ ಗಲಾಟೆಯಲ್ಲಿ ಅವಳ ಮನೆಯವರೇ ಮನೆ ಬಿಟ್ಟು ಬೇರೆ ಕಡೆ ಇದ್ದರು. ಸಮಿತಿಗೆ ಏನು ಹೆಸರಿಟ್ಟರೂ ನನ್ನ ಕೆಲಸ ಒಂದೇ ಆಗಿತ್ತು. ಈ ಇಬ್ಬರೂ ಪರೀಕ್ಷೆಗೆ ಮೊದಲು ಬಂದು ಲ್ಯಾಬಿನಲ್ಲಿ ನಿಲ್ಲಬೇಕು.

ಮೊದಲು ಹಾಸ್ಟೆಲಿಗೆ ಹೋದೆ. ಮುಂದಿನ ಸಾಲಿನ ಕೋಣೆಗಳ ಕಿಟಕಿಗೆ ತೋಟ ಕಾಣುತ್ತದೆ, ಹಿಂದಿನ ಸಾಲಿನವಕ್ಕೆ ಕಾಂಪೌಂಡ್ ಗೋಡೆ. ಮುಂದಿನ ಸಾಲಿನಲ್ಲಿ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಎಂದು ಒಂದೊಂದೇ ಬಾಗಿಲು ತಟ್ಟಿ ವಿಚಾರಿಸಿದೆ. ಹಿಂದಿನ ಸಾಲಿನಲ್ಲಿ ದಲಿತರ ಮಕ್ಕಳು, ಹಿಂದೂಗಳೂ ಕ್ರೈಸ್ತರೂ ಸೇರಿ. ಅವರ ಜೊತೆ ಈಶಾನ್ಯದಿಂದ ಬಂದವರು. ಮುಂದಿನ ಸಾಲಿನಲ್ಲಿ ಉಳಿದ ಎಲ್ಲರೂ. ಇಷ್ಟು ಅಚ್ಚುಕಟ್ಟಾಗಿ ವಿಂಗಡಣೆ ಆಗಬೇಕಾದರೆ ಯಾರಾದರೂ ಕೂತು ಮಾಡಿರಲೇಬೇಕು ಎಂದುಕೊಂಡು ಸಿಸ್ಟರ್ ಹತ್ತಿರ ಹೋದೆ. ಸಿಸ್ಟರ್ ಕರಾವಳಿಯ ಕಡೆಯವರು, ನಮ್ಮ ಊರಿಗೆ ಹೊಸಬರು.

"ನಾನು ಜಾತಿ ಗೀತಿ ನೋಡಿದವಳೇ ಅಲ್ಲ ಮೇಡಂ," ಎಂದರು. "ಜೂನ್‌ನಲ್ಲಿ ಹೆಸರಿನ ಅಕ್ಷರದ ಪ್ರಕಾರ ಕೋಣೆ ಕೊಟ್ಟದ್ದು ನಾನು. ಮರುದಿನ ತಾಯಂದಿರು ಬರ್ತಾರೆ. ‘ಸಿಸ್ಟರ್, ನಮ್ಮ ಹುಡುಗಿಗೆ ಆ ಕೋಣೆಯ ಗಾಳಿ ಒಗ್ಗೂದಿಲ್ಲ’ ಅಂತಾರೆ. ಗಾಳಿ ಒಗ್ಗದಿದ್ರೆ ಮಕ್ಕಳಿಗೆ ಕೆಮ್ಮು ಬರ್ತದೆ ಅಲ್ವಾ? ಬದಲಿಸಿ ಕೊಟ್ಟೆ. ಅದರಲ್ಲಿ ತಪ್ಪೆಂತ?"

ಗಾಳಿ! ನನಗೆ ನಗುವೂ ಬಂತು, ಮೈ ಉರಿದೂ ಹೋಯಿತು. ನಾನು ಹಳೇಕೋಟೆ ಕಡೆಯ ಜಮೀನಿದ್ದವರ ಮನೆಯಲ್ಲಿ ಹುಟ್ಟಿದವಳು. ಈ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಜಾತಿಯನ್ನು ನೇರವಾಗಿ ಕೇಳುವ ಪದ್ಧತಿ ಇಲ್ಲ. ಅದು ಮರ್ಯಾದೆಯಲ್ಲ. "ಯಾವೂರು?" ಎನ್ನುತ್ತಾರೆ. ಆಮೇಲೆ "ಊರಲ್ಲಿ ಯಾವ ಬೀದಿ?" ಎನ್ನುತ್ತಾರೆ. ಅಲ್ಲಿಗೆ ಎಲ್ಲ ತಿಳಿದುಹೋಗುತ್ತದೆ. ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಬಂದ ತಾಯಂದಿರು ಮಂಚಕ್ಕೆ ಬೆಡ್‌ಶೀಟು ಹಾಸುತ್ತ, ಪಕ್ಕದ ಮಂಚದವರ ಊರು ಬೀದಿ ವಿಚಾರಿಸುತ್ತಾರೆ, ಕೋಡುಬಳೆ ಕೊಡುತ್ತಾರೆ, ನಗುನಗುತ್ತಾ ಹೊರಡುತ್ತಾರೆ. ಬೆಳಗಾಗುವಷ್ಟರಲ್ಲಿ ಮಗಳಿಗೆ ಗಾಳಿ ಒಗ್ಗುವುದಿಲ್ಲ. ಕ್ರೈಸ್ತ ತಾಯಂದಿರಿಗೂ ಇದೇ ಕಾಯಿಲೆ. ಕೊರಳಲ್ಲಿ ಶಿಲುಬೆ ಒಂದೇ ಆದರೂ ಬೀದಿ ಬೇರೆ. ಮಣಿಪುರದವಳ ವಿಷಯದಲ್ಲಿ ಬೀದಿ ಕೇಳುವ ಶ್ರಮವೂ ಇರಲಿಲ್ಲ. ಮುಖ ನೋಡಿ "ನೇಪಾಳಿ" ಎಂದುಬಿಟ್ಟಿದ್ದರು.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಸಿಸ್ಟರ್ ಮುಖ ಬಿಳಿಚಿತು. ನಿಜವಾಗಿಯೂ ಗೊತ್ತಿರಲಿಲ್ಲವೋ, ಗೊತ್ತಿಲ್ಲದವರ ಹಾಗೆ ಇದ್ದರೋ, ನನಗೆ ಆಗ ತೀರ್ಮಾನಕ್ಕೆ ಬರಲಾಗಲಿಲ್ಲ.

"ಕೋಣೆಯ ವಿಷಯ ಇರಲಿ ಸಿಸ್ಟರ್. ಸರ ಹುಡುಕುವಾಗ ಹಿಂದಿನ ಸಾಲನ್ನೇ ಯಾಕೆ ಹುಡುಕಿಸಿದಿರಿ?"

"ಅಲ್ಲಿ ಇದ್ದೀತು ಅಂತ ಅನ್ನಿಸಿತು."

"ಯಾಕೆ ಅನ್ನಿಸಿತು?"

"ನೀವು ಪೊಲೀಸರ ಹಾಗೆ ಕೇಳ್ತೀರಿ!" ಎಂದು ಎದ್ದವರು ಪ್ರಾರ್ಥನೆಯ ಹೊತ್ತಾಯಿತೆಂದು ಹೊರಟುಹೋದರು. ಅದು ಪ್ರಾರ್ಥನೆಯ ಹೊತ್ತಲ್ಲ ಎಂಬುದು ನನಗೂ ಗೊತ್ತಿತ್ತು.

ಇಷ್ಟರಲ್ಲಿ ಫಾದರ್ ತಮ್ಮದೇ ಒಂದು ಯೋಜನೆ ಸಿದ್ಧಮಾಡಿಟ್ಟುಕೊಂಡಿದ್ದರು. "ಈಸ್ಟರ್‌ಗೆ ಮುಂಚೆ ಪವಿತ್ರ ಗುರುವಾರ ಅಂತ ಬರುತ್ತೆ ಮೇಡಂ. ಅವತ್ತು ಗುರುಗಳು ಜನರ ಪಾದ ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ. ನಾನು ಆ ಇಬ್ಬರು ಮಕ್ಕಳ ಪಾದ ತೊಳೆಯುತ್ತೇನೆ. ಇಡೀ ಕಾಲೇಜಿನ ಮುಂದೆ. ಕ್ಷಮೆ ಕೇಳೋದು ಅಂದರೆ ಹಾಗೆ ಕೇಳಬೇಕು."

ಹೇಳುವಾಗ ಅವರ ಕಣ್ಣು ಒದ್ದೆಯಾಯಿತು. ನನ್ನ ಕರುಳೂ ಚುರ್ ಅಂದಿತು. ಎಷ್ಟಾದರೂ ಅರವತ್ತರ ಹತ್ತಿರದ ಮನುಷ್ಯ, ಮಂಡಿ ನೋವಿನವರು, ನೆಲಕ್ಕೆ ಕೂತು ಮಕ್ಕಳ ಕಾಲು ತೊಳೆಯುತ್ತೇನೆ ಎನ್ನುತ್ತಿದ್ದಾರೆ. ನಾನೇ ಸಣ್ಣ ಬುದ್ಧಿಯವಳೇನೋ ಎಂದುಕೊಳ್ಳುವಷ್ಟರಲ್ಲಿ ಅವರು ಮುಂದುವರಿಸಿದರು: "ಆ ತಂಡ ಬರುವ ದಿನವೇ ಇಟ್ಟುಕೊಂಡರೆ ಹೇಗೆ? ಅವರೂ ನೋಡಿದ ಹಾಗಾಗುತ್ತೆ. ವೇದಿಕೆ ಹೇಗೂ ಹಾಕಿರ್ತೀವಿ."

ಅಲ್ಲಿಗೆ ನನ್ನ ಕರುಳು ತನ್ನ ಜಾಗಕ್ಕೆ ವಾಪಸು ಹೋಯಿತು.

ಮನೆಗೆ ಬಂದು ನಮ್ಮ ಯಜಮಾನರ ಹತ್ತಿರ ಹೇಳಿಕೊಂಡೆ. "ಕಾಲು ತೊಳೆದು ಕೈ ತೊಳೆದುಕೊಳ್ಳೋ ಉಪಾಯ ಇದು. ತಿಪ್ಪೆ ಸಾರಿಸೋದಕ್ಕೆ ನನ್ನನ್ನ ಮುಂದೆ ಬಿಟ್ಟಿದ್ದಾರೆ."

"ನಿನಗೆ ದೇವರೇ ಬಂದು ಎದುರಿಗೆ ನಿಂತರೂ ಆಧಾರ್ ಕಾರ್ಡು ತೋರಿಸು ಅಂತೀಯ," ಎಂದರು ಅವರು, ಪೇಪರಿನಿಂದ ತಲೆಯೆತ್ತದೆ. "ಹೋಗಿ ಆ ಮಕ್ಕಳನ್ನೇ ಕೇಳು. ತೊಳೆಸಿಕೊಳ್ಳೋರು ಅವರಲ್ವಾ?"

ಮಾರನೆಯ ದಿನ ಅರಕಲಗೂಡಿನ ಮೇಲೆ ಕೊಣನೂರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡೆ. ಬಸ್‌ಸ್ಟಾಂಡಿನಿಂದ ಆಟೋ ಹಿಡಿದು ಹಳ್ಳಿ ತಲುಪಿ, ಮನೆ ಕೇಳಿದರೆ, ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ "ಆ ಬೀದಿಗಾ ನೀವು?" ಎಂದ. ಹೌದಪ್ಪ, ಆ ಬೀದಿಗೇ ಎಂದೆ.

ಶೀಟಿನ ಮನೆ, ಸಾರಿಸಿದ ಜಗಲಿ. ಮಣಿಪುರದ ಹುಡುಗಿ ಜಗಲಿಯ ಮೇಲೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನನ್ನನ್ನು ಕಂಡವಳೇ ಎದ್ದಳು.

"ಬನ್ನಿ ಮೇಡಂ, ಕೂತ್ಕಳಿ. ಬಸ್ಸು ಲೇಟಾಗ್ಬುಡ್ತಾ?"

ಗೆಳತಿಯಿಂದ ಕಲಿತ ಕನ್ನಡ ಅವಳದ್ದು, ಅಪ್ಪಟ ಕೊಣನೂರಿನದ್ದು. ಹಾಸ್ಟೆಲಿನ ಮುಂದಿನ ಸಾಲಿನವರು ಅವಳ ಮುಖಕ್ಕಿಂತ ಹೆಚ್ಚು ಈ ಮಾತಿಗೇ ನಗುತ್ತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಮನೆಯ ಹುಡುಗಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವಳ ಅವ್ವ ಚಾಪೆ ಕೊಡವಿ ಹಾಸಿ, ಯಾರನ್ನೋ ಕೂಗಿ ಅಂಗಡಿಯಿಂದ ಸೋಡಾ ತರಿಸಿ, ಮುಚ್ಚಳ ತೆಗೆಯದ ಬಾಟಲಿಯನ್ನು ನನ್ನ ಮುಂದಿಟ್ಟರು. ಜೊತೆಗೆ ಸಿಪ್ಪೆ ಸಮೇತ ಎರಡು ಬಾಳೆಹಣ್ಣು. ಯಾರೂ ಕೈಯಿಟ್ಟು ಬೇಯಿಸದ್ದು, ಯಾರೂ ಬಗ್ಗಿಸಿ ಕೊಡದ್ದು. ನಮ್ಮಂಥವರು ಮನೆಗೆ ಬಂದರೆ ಕೊಡುವ ಪದ್ಧತಿ ಅದು.

"ಸೋಡಾ ಬೇಡ, ಒಂದು ಲೋಟ ಕಾಫಿ ಕೊಡಿ ಅಮ್ಮ," ಎಂದೆ.

"ಆಲಿಲ್ಲ ಕಣವ್ವ," ಎಂದರು. ಒಳಗಿನಿಂದ ಹಾಲು ಕಾದ ವಾಸನೆ ಬರುತ್ತಿತ್ತು. ಅವರಿಗೆ ನನ್ನ ಮೇಲೆ ಅನುಮಾನ. ಬಾಯಲ್ಲಿ ಕೇಳಿ, ಲೋಟ ಮುಂದಿಟ್ಟಾಗ ತುಟಿಗೆ ಸೋಕಿಸಿ ಕೆಳಗಿಡುವವರನ್ನು ಅವರು ಎಷ್ಟು ಜನರನ್ನು ಕಂಡಿದ್ದರೋ. ನಾನು ಸೋಡಾವನ್ನೇ ಕುಡಿದೆ.

ಫಾದರ್ ಹೇಳಿದ್ದನ್ನು ಹೇಳಿದೆ. ವೇದಿಕೆ, ಪಾದ ತೊಳೆಯುವುದು, ಇಡೀ ಕಾಲೇಜಿನ ಮುಂದೆ ಕ್ಷಮೆ. ಹೇಳಿ ಮುಗಿಸುವ ಮುಂಚೆಯೇ ಅವ್ವ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು.

"ಅಯ್ಯಯ್ಯೋ, ಬ್ಯಾಡ ಕಣವ್ವ! ಫಾದರ್ ಅಂದ್ರೆ ಸ್ವಾಮಿಗಳಿದ್ದಂಗೆ. ಅಂತೋರ ಕೈಲಿ ಕಾಲು ಮುಟ್ಟುಸ್ಕಂಡ್ರೆ ಈ ಮಕ್ಕಳಿಗೆ ಒಳ್ಳೇದಾಯ್ತದಾ? ಆಯಸ್ಸು ಕಮ್ಮಿಯಾಯ್ತದೆ. ಚರ್ಚಲ್ಲಿ ಗುರುವಾರ ತೊಳೀತಾರೆ, ಸರಿ, ಅದು ದೇವರ ಕೆಲ್ಸ. ಇದೇನಿದು?"

ಹುಡುಗಿ ಬಾಗಿಲು ಬಿಟ್ಟು ಮುಂದೆ ಬಂದಳು. "ಮೇಡಂ, ಅವತ್ತು ಟ್ರಂಕ್ ಸುರ್ದು ಎಲ್ಲಾರೂ ನಮ್ ಬಟ್ಟೆ ನೋಡುದ್ರು. ಈಗ ಸ್ಟೇಜ್ ಮೇಲೆ ಕೂರುಸ್ಕಂಡು ನಮ್ ಕಾಲು ನೋಡ್ತಾರಾ? ಒಡೆದಿರೋ ಇಮ್ಮಡಿ ಅದೆ ನಂದು. ಫೋಟೋ ತೆಗುಸ್ಬೇಕಾ?"

ಫೋಟೋ ವಿಷಯ ನಾನು ಎತ್ತಿಯೇ ಇರಲಿಲ್ಲ.

"ನೀವ್ಯಾಕ್ ಬಂದಿದ್ದೀರಾ ಮೇಡಂ? ನಿಮಗೇನ್ ಸಿಕ್ತದೆ ಇದ್ರಿಂದ?" ಎಂದಳು ಮುಂದುವರಿದು. "ಲೇ, ಮೇಡಂಗೆ ಅಂಗೆಲ್ಲ ಅನ್ಬಾರ್ದು" ಎಂದು ಅವ್ವ ಗದರಿದರು. ನನಗಂತೂ ಕೋಪ ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದು.

"ನೀವಿಬ್ಬರೂ ಪರೀಕ್ಷೆ ಬರೀಬೇಕು. ನನಗೆ ಬೇಕಾಗಿರೋದು ಅಷ್ಟೇ," ಎಂದೆ. "ನಂಬೋದು ಬಿಡೋದು ನಿನಗೆ ಬಿಟ್ಟಿದ್ದು. ನಿಮಗೆ ಏನು ಬೇಕು, ಅದನ್ನ ಹೇಳು."

ಅವಳು ಗೆಳತಿಯ ಕಡೆ ನೋಡಿದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಅನ್ನಿಸುತ್ತದೆ. "ಎಲ್ಲಿ ನಮ್ ಟ್ರಂಕ್ ಸುರುದ್ರೋ ಅಲ್ಲೇ. ಯಾರ ಮುಂದೆ ಸುರುದ್ರೋ ಅವರ ಮುಂದೆನೇ. ಫಾದರ್ ಬ್ಯಾಡ. ಸಿಸ್ಟರೇ ಬಾಯ್ಬುಟ್ಟು ಏಳ್ಬೇಕು, ಇವರು ಕದ್ದಿಲ್ಲ ಅಂತ. ಸ್ಟೇಜ್ ಬ್ಯಾಡ, ಮೈಕ್ ಬ್ಯಾಡ."

"ಮತ್ತೆ ಗಾಳಿ, ಮೇಡಂ," ಎಂದಳು ಮಣಿಪುರದವಳು, ಅವರೆಕಾಳಿನ ಬಟ್ಟಲಿನಿಂದ ತಲೆಯೆತ್ತದೆ. "ನಮ್ ಕೋಣೆ ಗಾಳಿ ಎಲ್ಲಾರ್ಗೂ ಒಗ್ಗಾಕಿಲ್ಲಂತೆ. ಜೂನಿಂದ ಆ ಗಾಳೀಲೇ ನಾವು ಇದ್ದೀವಿ, ಕೆಮ್ಮು ಬಂದಿಲ್ಲ."

ಅವ್ವನಿಗೆ ತಡೆಯಲಾಗಲಿಲ್ಲ. "ಈ ಕೂಸು ತಂದಿದ್ದ ಮೀನು ನಾರ್ತದೆ ಅಂದ್ರಂತಲ್ಲ, ಕೊಣನೂರ್ ಸಂತೇಲಿ ಎಲ್ಲಾರೂ ತಗಂಡೋಯ್ತಾರಲ್ಲ ಒಣಮೀನು, ಅದೇನ್ ಮಲ್ಲಿಗೆ ಊವಾ?" ಎಂದರು. ಮೂವರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು.

ಹೊರಡುವಾಗ "ಹಾಗಾದರೆ ಬರ್ತೀರಾ?" ಎಂದು ಕೇಳಿದೆ.

"ಬತ್ತೀವಿ ಅಂತ ಏಳಾಕಿಲ್ಲ ಮೇಡಂ," ಎಂದಳು ಮನೆಯ ಹುಡುಗಿ. "ಮೊದ್ಲು ಮಾಡಿ. ಆಮ್ಯಾಲೆ ನೋಡಾನ."

ಫಾದರ್‌ಗೆ ಇದನ್ನು ಹೇಳಿದಾಗ ಅವರು ನಿಜಕ್ಕೂ ನೊಂದುಕೊಂಡರು. "ಅದರ ಅರ್ಥ ಅವರಿಗೆ ತಿಳಿಯಲಿಲ್ಲವಾ?" ಎಂದು ಕೇಳಿದರು.

"ತಿಳಿದಿದೆ ಫಾದರ್. ನೀವು ತೊಳೆಯುವವರ ಕಡೆಯಿಂದ ಯೋಚಿಸಿದಿರಿ. ಅವರು ಕಾಲು ಚಾಚಿ ಕೂರಬೇಕಾದವರು. ದೊಡ್ಡವರು ಚಿಕ್ಕವರ ಕಾಲು ಮುಟ್ಟಿದರೆ ನಮ್ಮ ಕಡೆ ಅದು ಚಿಕ್ಕವರಿಗೆ ಕೆಡುಕು. ನಿಮಗೆ ದೊಡ್ಡತನ, ಅವರಿಗೆ ಪಾಪದ ಹೊರೆ."

ಫಾದರ್ ತಲೆಯಾಡಿಸಿದರು. ಆಮೇಲೆ, ಸಿಸ್ಟರ್ ಮಾತಾಡಲಿ, ಅದಕ್ಕೇನೂ ಅಡ್ಡಿಯಿಲ್ಲ, ಆದರೆ ಕೋಣೆಗಳ ತಂಟೆಗೆ ಮಾತ್ರ ಹೋಗುವುದು ಬೇಡ ಎಂದರು. ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ, ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಕೆದಕುವುದು ಸರಿಯಲ್ಲ ಎಂದರು. ನನ್ನ ಅನುಮಾನ ಮತ್ತೆ ಹೆಡೆ ಎತ್ತಿತು. ಮಾತಿನ ಕ್ಷಮೆ ಎಷ್ಟು ಬೇಕಾದರೂ ಕೊಡುತ್ತಾರೆ, ಗೋಡೆ ಕಡೆಯ ಕಿಟಕಿ ಮಾತ್ರ ಯಾರ ಪಾಲಿಗಿದೆಯೋ ಅವರ ಪಾಲಿಗೇ ಇರಬೇಕು!

ಆ ಹೊತ್ತು ನಾನೊಂದು ತೀರ್ಮಾನ ಮಾಡಿದೆ. ಮುಂಚೆ ಯೋಚಿಸಿಟ್ಟದ್ದಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. "ಎಲ್ಲ ಕೋಣೆಗಳಿಗೂ ಚೀಟಿ ಎತ್ತಿಸೋಣ ಫಾದರ್. ತಾಯಂದಿರ ಎದುರಿಗೇ. ಯಾರ ಕೈಗೆ ಯಾವ ಕೋಣೆ ಬರುತ್ತೋ ಅದೇ. ಅದಾಗದಿದ್ದರೆ ಈ ಸಮಿತಿಗೆ ನಾನಿಲ್ಲ. ತಂಡದವರು ಬಂದು ಯಾಕೆ ಬಿಟ್ಟಿರಿ ಅಂತ ನನ್ನನ್ನು ಕೇಳಿದರೆ ಬಾಯಿ ಮುಚ್ಚಿಕೊಂಡು ಕೂರುವ ಅಭ್ಯಾಸವೂ ನನಗಿಲ್ಲ."

ಇದು ಬೆದರಿಕೆಯೇ. ಅದನ್ನು ಬೆಣ್ಣೆ ಹಚ್ಚಿ ಹೇಳುವುದು ಬೇಡ. ಫಾದರ್ ನನ್ನನ್ನೇ ನೋಡಿದರು. "ಮಾಡಿ," ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೂ ನನಗೆ ಅನುಮಾನ ಬಂತು. ಸಾಯಂಕಾಲ ನೋಡಿದರೆ ಅವರು ವೇದಿಕೆಯ ಕಾರ್ಯಕ್ರಮವನ್ನೇ ರದ್ದು ಮಾಡಿಸಿದ್ದರು. ಬ್ಯಾನರಿನವನಿಗೂ ಬೇಡವೆಂದು ಹೇಳಿಕಳಿಸಿದ್ದರು.

ಚೀಟಿ ಎತ್ತಿಸಿದ್ದು ಭಾನುವಾರ. ಸ್ಟೀಲಿನ ಡಬ್ಬಿಯಲ್ಲಿ ಕೋಣೆಗಳ ಚೀಟಿ ಹಾಕಿ, ಮುಚ್ಚಳ ಹಾಕಿ ಕುಲುಕಿ, ಪಡಸಾಲೆಯ ಮಧ್ಯೆ ಇಟ್ಟೆ. ಕೊಣನೂರಿನಲ್ಲಿದ್ದ ಇಬ್ಬರ ಪರವಾಗಿ ಅವರ ಸಾಲಿನ ಬೇರೆ ಹುಡುಗಿಯರು ಎತ್ತಿದರು. ಮೊದಮೊದಲು ಎಲ್ಲ ಆಟದ ಹಾಗೆ ನಡೆಯಿತು. ಸರ ಕಳೆದುಕೊಂಡಿದ್ದ ಹುಡುಗಿಗೆ ಹಿಂದಿನ ಸಾಲು ಬಂತು ನೋಡಿ, ಅವಳ ತಾಯಿ ನನ್ನನ್ನು ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದರು.

"ಮೇಡಂ, ನಮ್ಮುಡುಗಿಗೆ ಆ ಕಡೆ ಗಾಳಿ ಒಗ್ಗಲ್ಲ ಕಣ್ರೀ."

"ಯಾವ ಗಾಳಿ ಅಮ್ಮಾ? ಮೂಡಲ ಗಾಳಿಯೋ, ಪಡುವಲ ಗಾಳಿಯೋ?"

ಆಕೆ ದನಿ ತಗ್ಗಿಸಿದರು. "ನೀವೂ ನಮ್ಮೋರೇ ಅಂತೆ. ನಿಮಗೆ ಬಿಡ್ಸಿ ಏಳ್ಬೇಕಾ?"

"ಬೇಡ. ನನಗೆ ಗೊತ್ತಾಗುತ್ತೆ, ಅದಕ್ಕೇ ಕೇಳ್ತಾ ಇರೋದು," ಎಂದೆ, ದನಿ ತಗ್ಗಿಸದೆ. "ಗಾಳಿ ಒಗ್ಗದಿದ್ದರೆ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ."

ಪಡಸಾಲೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಆಕೆಯ ಮುಖ ಕೆಂಪಾಯಿತು. ಮಗಳೇ ಬಂದು "ಅಮ್ಮಾ, ಸುಮ್ನಿರು, ನಾನು ಇರ್ತೀನಿ" ಎಂದಳು. ಪಶ್ಚಾತ್ತಾಪಕ್ಕೋ, ನಾಚಿಕೆಗೋ, ಗೆಳತಿಯರನ್ನು ಬಿಡಲಾರದೆಯೋ, ಯಾಕೆ ಹಾಗೆಂದಳೆಂದು ನಾನು ಕೇಳಲಿಲ್ಲ. ನಾಲ್ಕಾರು ಮನೆಯವರು ಅದೇ ವಾರ ಮಕ್ಕಳನ್ನು ಊರೊಳಗಿನ ಪೇಯಿಂಗ್ ಗೆಸ್ಟ್ ಮನೆಗಳಿಗೆ ಸೇರಿಸಿದರು. ಹೋಗುವವರು ಹೋಗಲಿ ಎಂದುಕೊಂಡೆ. ಹಳೇಕೋಟೆಯಿಂದ ನಮ್ಮ ದೊಡ್ಡಮ್ಮ ಫೋನು ಮಾಡಿ "ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ?" ಎಂದು ಕೇಳಿದರು. ಸುದ್ದಿ ಅಲ್ಲಿಯತನಕ ಹೋಗಿತ್ತು.

ಕೊಣನೂರಿಗೆ ಫೋನು ಮಾಡಿ ಚೀಟಿ ಎತ್ತಿಸಿದ್ದನ್ನು ತಿಳಿಸಿದೆ. ಅತ್ತ ಕಡೆಯಿಂದ "ಊಂ" ಎಂದಷ್ಟೇ ಬಂತು. ಬರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಪರೀಕ್ಷೆ ಅದೇ ವಾರದ ಕೊನೆಗಿತ್ತು.

ಬುಧವಾರ ಮಧ್ಯಾಹ್ನ ಬಂದರು. ಇಬ್ಬರೂ, ಜೊತೆಗೆ ಅವ್ವ. ಟ್ರಂಕುಗಳನ್ನು ಕೋಣೆಗೆ ಒಯ್ಯಲಿಲ್ಲ. ಪಡಸಾಲೆಯಲ್ಲಿ, ಅವತ್ತು ಸುರಿಸಿದ್ದ ಜಾಗದಲ್ಲೇ ಇಟ್ಟು, ಪಕ್ಕದಲ್ಲಿ ನಿಂತರು. ಮಾತು ಸರಿ ಹೋಗದಿದ್ದರೆ ಹಾಗೇ ಎತ್ತಿಕೊಂಡು ಹೊರಡುವ ಲೆಕ್ಕ ಎಂದು ನೋಡಿದರೇ ತಿಳಿಯುತ್ತಿತ್ತು. ಹುಡುಗಿಯರೆಲ್ಲ ಬಂದು ಸೇರಿದರು. ಕಾಲೇಜಿನ ಫೋಟೋಗ್ರಾಫರ್ ಎಲ್ಲಿಯಾದರೂ ಅಡಗಿದ್ದಾನೆಯೇ ಎಂದು ನಾನು ಮೆಟ್ಟಿಲ ಕೆಳಗೆಲ್ಲ ಬಗ್ಗಿ ನೋಡಿದೆ. ಇರಲಿಲ್ಲ. ಫಾದರ್ ದೂರದ ಕಂಬದ ಹತ್ತಿರ ನಿಂತಿದ್ದರು, ಮುಂದೆ ಬರಲಿಲ್ಲ.

ಸಿಸ್ಟರ್ ಬಂದರು. ಕೈಯಲ್ಲಿದ್ದ ಜಪಮಾಲೆಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಈ ಮಕ್ಕಳು ಕದ್ದಿಲ್ಲ," ಎಂದರು. "ಸರ ಅದರ ಯಜಮಾನ್ತಿಯ ಮನೆಯಲ್ಲೇ ಸಿಕ್ಕಿತು. ಸಿಕ್ಕ ದಿನವೇ ನಾನು ನಿಮ್ಮೆಲ್ಲರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ಇವರ ಸಾಮಾನು ಸುರಿಸಿದ್ದು ನನ್ನ ತಪ್ಪು. ನನ್ನನ್ನು ಕ್ಷಮಿಸಬೇಕು."

ಚೆನ್ನಾಗಿ ಹೇಳಿದರು. ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ. ಒಂದಿಬ್ಬರು ಹುಡುಗಿಯರು ಚಪ್ಪಾಳೆ ತಟ್ಟಲು ಕೈಯೆತ್ತಿದ್ದರು ಕೂಡ.

ಆಗ ಕೊಣನೂರಿನ ಹುಡುಗಿ ಕೇಳಿದಳು: "ಸರ ಸಿಗದೇ ಓಗಿದ್ರೆ, ಸಿಸ್ಟರ್?"

ಎತ್ತಿದ ಕೈಗಳು ಹಾಗೇ ಕೆಳಗಿಳಿದವು. ಇಷ್ಟು ದಿನ ಎಲ್ಲರ ಮೇಲೂ ಅನುಮಾನಪಟ್ಟುಕೊಂಡು ಓಡಾಡಿದ ನನಗೇ ಈ ಪ್ರಶ್ನೆ ಹೊಳೆದಿರಲಿಲ್ಲ. ಸಮಿತಿ, ಚೀಟಿ, ಕ್ಷಮೆ, ಎಲ್ಲವೂ ಹಾಸಿಗೆ ಕೊಡವಿದಾಗ ಒಂದು ಸರ ಕೆಳಗೆ ಬಿದ್ದದ್ದರಿಂದ ಆದದ್ದು. ಅದು ಬೀಳದೇ ಹೋಗಿದ್ದರೆ ಇಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ನಾನೂ ಬ್ಯೂರೆಟ್ ತೊಳೆಸಿಕೊಂಡು ಇರುತ್ತಿದ್ದೆ.

ಫಾದರ್ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಏನೋ ಸಮಾಧಾನದ ಮಾತು ಹೇಳಲಿದ್ದರು. ಸಿಸ್ಟರ್ ಕೈಯೆತ್ತಿ ಅವರನ್ನು ತಡೆದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಸಿಗದಿದ್ದರೆ," ಎಂದರು, "ನೀವೇ ತೆಗೆದದ್ದು ಅಂತ ನಾನು ಇವತ್ತಿಗೂ ಅಂದುಕೊಂಡಿರ್ತಿದ್ದೆ. ಸಾಯುವ ತನಕ ಹಾಗೇ ಅಂದುಕೊಂಡಿರ್ತಿದ್ದೆ."

ಹೋಯಿತು, ಎಲ್ಲ ಕೆಟ್ಟಿತು, ಇನ್ನು ಇವರು ಹೊರಟೇಬಿಡುತ್ತಾರೆ ಎಂದು ನಾನು ಬಾಗಿಲ ಕಡೆ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಹುಡುಗಿ ಸಿಸ್ಟರ್ ಮುಖವನ್ನೇ ನೋಡುತ್ತ ನಿಂತಿದ್ದಳು. ಬಂದಾಗಿನಿಂದ ಒಮ್ಮೆಯೂ ಅವರ ಮುಖ ನೋಡಿರಲಿಲ್ಲ.

"ಇದನ್ನ ಏಳುದ್ರಲ್ಲ ಸಿಸ್ಟರ್. ಸಾಕು ಬುಡಿ," ಎಂದಳು. ಗೆಳತಿಯ ಕಡೆ ತಿರುಗಿ, "ಆ ಕಡೆ ಇಡ್ಕಳೇ," ಎಂದು ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದಳು. ಇಬ್ಬರೂ ಅದನ್ನು ಎತ್ತಿಕೊಂಡು ಒಳಗೆ ಹೋದರು.